ಕೆಂಪು ಕಾರು ಕೊಟ್ಟ ಸುದ್ದಿ

ಕೊಂಢವಾ, ಪುಣೆ
೧೪ ನವೆಂಬರ್ ೨೦೨೫

ಪ್ರೀತಿಯ ಪ್ರಣೀತಾಳಿಗೆ,

ನಿನ್ನ ಮಾವನಾಗಿದ್ದ ಬಿಂದುಮಾಧವನ ಆಶೀರ್ವಾದಗಳು. ಮೊದಲ ಸಾಲಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ‘ಚಿ. ಸೌ.’ ಎಂದು ಬರೆಯುವ ಹಕ್ಕು ಈಗ ನನಗಿಲ್ಲ. ಬರೀ ಹೆಸರು ಬರೆದರೆ ಆಫೀಸಿನ ಕಾಗದದ ಹಾಗೆ ಕಂಡಿತು. ಪ್ರೀತಿ ಇದ್ದದ್ದಂತೂ ಸುಳ್ಳಲ್ಲ, ಅದನ್ನೇ ಬರೆದಿದ್ದೇನೆ.

ನೀನು ಮನೆ ಬಿಟ್ಟು ನಾಲ್ಕು ವರ್ಷವಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕಣ್ಣಿನ ಆಪರೇಷನ್ನು, ನಿನ್ನ ಅತ್ತೆ ಭಾಮಾಳ ಮಂಡಿನೋವು ಎಂದು ಕಾರಣ ಕೊಡಬಹುದು. ನೀನು ನಂಬುವುದಿಲ್ಲ, ನಂಬಲೂಬಾರದು.

ವಿಳಾಸಕ್ಕಾಗಿ ಕ್ಯಾಂಪಿನಲ್ಲಿರುವ ನಿನ್ನ ತಂದೆಯವರ ಹೋಟೆಲಿಗೆ ಹೋಗಿದ್ದೆ. ಮಹಾಲಿಂಗರಾಯರು ಗಲ್ಲಾದಿಂದ ಎದ್ದು ಬಂದು ನನ್ನೆದುರು ಕಾಫಿ ಇಟ್ಟರು, ಆದರೆ ಕೂರಲಿಲ್ಲ. ನಿಂತುಕೊಂಡೇ, “ಅವಳ ಫೋನ್ ನಂಬರ್ ಕೇಳ್ಬೇಡಿ ರಾಯರೆ. ಬರೀಲಿಕ್ಕೆ ಇದ್ರೆ ಬರೀರಿ. ಓದೂದು ಬಿಡೂದು ಅವಳಿಗೆ ಬಿಟ್ಟದ್ದು” ಎಂದು ಬಿಲ್ಲಿನ ಹಿಂದೆ ಕುಂದಾಪುರದ ವಿಳಾಸ ಬರೆದುಕೊಟ್ಟರು. ನೀನು ಅಲ್ಲಿ ಶಾಲೆಯ ಕೆಲಸಕ್ಕೆ ಸೇರಿದ್ದು ಹೀಗೆ ತಿಳಿಯಿತು. ಸಂತೋಷವಾಯಿತು.

ಹೇಳಬೇಕಾದ ಸುದ್ದಿ ಇದು: ನಮ್ಮ ಕೆಂಪು ಕಾರನ್ನು ಕೊಟ್ಟುಬಿಟ್ಟೆವು. ದಸರೆಯ ದಿನ ಹೊಸದು ಬಂತು, ಹಳೆಯದನ್ನು ಬದಲಿಗೆ ತೆಗೆದುಕೊಂಡರು. ಅದು ನಿನ್ನ ಕಿವಿಗೆ ಬೇರೆ ಯಾರಿಂದಲೋ ಬೀಳುವುದು ನನಗೆ ಬೇಡವಾಗಿತ್ತು.

ಹನ್ನೆರಡು ವರ್ಷದ ಹಿಂದೆ ನಾನು ರಿಟೈರಾಗಿ ಆ ಕಾರು ತಂದಾಗ ಭಾಮಾ, “ಯಾಕ್ರಿ, ಕಾಲೇಜ್ ಹುಡುಗರ ಗಾಡಿ ತಂದೀರಿ? ಒಮ್ಮೆ ಒಳಗ ಕೂತರ ಎಬ್ಬಸ್ಲಿಕ್ಕೆ ಇಬ್ಬರು ಬೇಕು” ಎಂದು ನಕ್ಕಿದ್ದಳು. ನನ್ನ ಜೊತೆಯವರೆಲ್ಲ ದೊಡ್ಡ, ಮೆತ್ತನೆಯ ಕಾರು ಕೊಂಡರು. ನಾನು ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಗೇರುಗಳ ನಕ್ಷೆ ಬರೆದವನು. ಒಂದಾದರೂ ಒಳ್ಳೆಯ ಗೇರುಪೆಟ್ಟಿಗೆ ನನ್ನ ಕೈಗೆ ಸಿಗಲಿ ಎಂಬ ಆಸೆ ಇತ್ತು. ಆದರೆ ಓಡಿಸುವ ಧೈರ್ಯ ಇರಲಿಲ್ಲ. ನೀನು ಸೊಸೆಯಾಗಿ ಬರುವವರೆಗೆ ಅದು ಮಾರ್ಕೆಟ್ಟಿಗೆ ಹೋಗಿ ಬರುವ ಗಾಡಿಯಾಗಿತ್ತು, ಪಾಪ.

ಬೋಪದೇವ ಘಾಟದಲ್ಲಿ ನೀನು ನನಗೆ ಪಾಠ ಹೇಳಿಕೊಟ್ಟ ಭಾನುವಾರಗಳು ನೆನಪಿವೆಯೇ? “ಮಾವ, ಬ್ರೇಕಿನ ಮೇಲೇ ಕಾಲಿಟ್ಟು ಕೂತ್ಕೊಳ್ಬೇಡಿ ಮಾರಾಯ್ರೆ. ಎರಡನೇ ಗೇರಿಗೆ ಹಾಕಿ, ಅದೇ ಹಿಡೀತದೆ” ಎನ್ನುತ್ತಿದ್ದೆ. ಇಂಜಿನ್ನು ದನಿ ಏರಿಸಿ ತಿರುವಿನಲ್ಲಿ ಕಾರನ್ನು ಹಿಡಿದಾಗ ಅರವತ್ತೆರಡರ ನಾನು ಹುಡುಗನಂತೆ ಕೂಗಿದ್ದೆ. ಸಾಸವಡದಲ್ಲಿ ಮಿಸಳ ತಿಂದು, ಭಾಮಾಳಿಗೆ ಹೇಳಬಾರದೆಂದು ಒಪ್ಪಂದ ಮಾಡಿಕೊಂಡು ಮನೆಗೆ ಬರುತ್ತಿದ್ದೆವು. ನನಗೆ ಹೆಣ್ಣುಮಕ್ಕಳಿಲ್ಲ ಎನ್ನುವುದು ಆ ರಸ್ತೆಯಲ್ಲಿ ಮರೆತೇ ಹೋಗುತ್ತಿತ್ತು.

ನೀನು ಹೋದ ಮೇಲೆ ವಿಕ್ರಮ ಆ ಕಾರನ್ನು ಮುಟ್ಟಲಿಲ್ಲ. ನಾನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಕಟ್ಟಡದ ಸುತ್ತ ಒಂದು ಸುತ್ತು ಹಾಕಿ ನಿಲ್ಲಿಸುತ್ತಿದ್ದೆ. ಅದಕ್ಕೂ ಅವನಿಗೆ ಸಿಟ್ಟು. “ಅಪ್ಪಾ, ಈ ಡಬ್ಬಾ ಎಷ್ಟ ದಿನಾ ಇಟ್ಕೊಂಡ ಕೂಡ್ತಿ? ಏರ್‌ಬ್ಯಾಗ್ ಎರಡೇ ಅವ. ಅವ್ವನ್ನ ಹಿಂದಿನ ಸೀಟಿನಾಗ ಕೂಡಸ್ಲಿಕ್ಕೆ ಬರೂದಿಲ್ಲ. ಜನಾ ಏನಂತಾರ?” ಕಾರು ನನ್ನ ಹೆಸರಿನಲ್ಲಿತ್ತು, ಆದ್ದರಿಂದ ನನ್ನ ಸಹಿ ಬೇಕಿತ್ತು. ಮೂರು ಕಡೆ ಗುರುತು ಹಾಕಿ ಕೊಟ್ಟ, ಮೂರೂ ಕಡೆ ಸಹಿ ಮಾಡಿದೆ. ನನ್ನ ಸ್ವಭಾವ ನಿನಗೆ ಗೊತ್ತು.

ಕೊಡುವ ಹಿಂದಿನ ದಿನ ಬೆಳಿಗ್ಗೆ ಒಬ್ಬನೇ ಘಾಟಕ್ಕೆ ಹೋದೆ. ಅರ್ಧ ಏರಿ, ಟೆಂಪೋ ಒಂದರ ಹಿಂದೆ ಸಿಕ್ಕಿ, ತಿರುಗಿಸಿಕೊಂಡು ಬಂದೆ. ಕ್ಲಚ್ಚು ಪೂರ್ತಿ ಒತ್ತಲಾಗಲಿಲ್ಲ. ವಿಕ್ರಮ ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ, ಆ ಕಾರಿಗೆ ನಾನು ತಕ್ಕವನಾಗಿ ಉಳಿದಿರಲಿಲ್ಲ.

ಶೋರೂಮಿನಲ್ಲಿ ಕಾರು ಪರೀಕ್ಷೆ ಮಾಡುವವನು ಬಾನೆಟ್ಟು ತೆರೆದು, ಒಂದು ಸುತ್ತು ಓಡಿಸಿ ಬಂದು, “ಕಾಕಾ, ಗಾಡೀ ಫಾರ್ ಪ್ರೇಮಾನೇ ಠೇವಲೀ” ಎಂದ. ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದೀರಿ ಎಂದು ಹೇಳಿದ ಆ ಗುರುತಿಲ್ಲದ ಮನುಷ್ಯನ ಎದುರು ನನಗೆ ಅಳು ಬಂತು. ವಿಕ್ರಮ ನನ್ನ ತೋಳು ಹಿಡಿದು ಆಚೆ ಕರೆದೊಯ್ದು, “ಮಂದಿ ಮುಂದ ತಮಾಷಾ ಮಾಡಬ್ಯಾಡ” ಎಂದ. ಗಾಜಿನಾಚೆ ಕೆಂಪು ಕಾರನ್ನು ಹಿಂದೆ ಹಿಂದೆ ತೆಗೆದುಕೊಂಡು ಹೋಗಿ ಗೋಡೆಯ ಮಗ್ಗುಲಿಗೆ ನಿಲ್ಲಿಸಿದರು. ಆಗ ಒಂದು ವಿಷಯ ಹೊಳೆಯಿತು. ನೀನು ಎರಡು ಬ್ಯಾಗು ಹಿಡಿದು ಹೊರಟ ದಿನ ಆಟೋರಿಕ್ಷಾದಲ್ಲಿ ಹೋದೆ. ಕಾರು ಕೆಳಗೇ ನಿಂತಿತ್ತು. ‘ತಗೊಂಡು ಹೋಗು, ಇದು ನಿಂದು’ ಎಂದು ನಾನು ಹೇಳಬಹುದಿತ್ತು. ಬಾಲ್ಕನಿಯಲ್ಲಿ ನಿಂತು ನೋಡಿದೆ, ಅಷ್ಟೇ.

ಹೊಸದು ಬಿಳಿಯದು. ಅದೇ ಕಂಪನಿಯದು, ಸ್ವಲ್ಪ ಎತ್ತರ. ಗೇರು ತಾನೇ ಬದಲಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ನು ತಾನಾಗಿ ಆರುತ್ತದೆ. ಕೆಟ್ಟಿತೆಂದು ಮೊದಲ ದಿನ ಗಾಬರಿಯಾದೆ. ಭಾಮಾ ಹಿಂದಿನ ಸೀಟಿನಲ್ಲಿ ಆರಾಮವಾಗಿ ಕಾಲು ಚಾಚಿ ಕೂರುತ್ತಾಳೆ. ಒಳ್ಳೆಯ ಕಾರು, ದೂರಲು ಏನೂ ಇಲ್ಲ. ಅದರಲ್ಲಿ ಕೂತಾಗ ಯಾರದೋ ಮನೆಗೆ ಅತಿಥಿಯಾಗಿ ಹೋದಂತಾಗುತ್ತದೆ.

ಇನ್ನೊಂದು ಸುದ್ದಿ. ಹೊಸ ಕಾರಿನ ಅವಸರ ಯಾಕಿತ್ತೆಂದರೆ, ವಿಕ್ರಮನಿಗೆ ಮದುವೆ ಗೊತ್ತಾಗಿದೆ. ಹುಡುಗಿ ಶರ್ವರಿ, ಸಾಸವಡದಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮೂಲ ಬೆಳಗಾವಿಯ ಕಡೆಯವರು. ತಂದೆ ಇಲ್ಲ, ತಾಯಿ ಸಾವಿತ್ರಿಬಾಯಿ ಒಬ್ಬರೇ ಬೆಳೆಸಿದ್ದಾರೆ. ದೀಪಾವಳಿ ಮುಗಿದ ಮೇಲೆ ಹೋಗಿದ್ದೆವು. ಹುಡುಗಿ ಹೆಚ್ಚು ಮಾತಾಡಲಿಲ್ಲ, ಆದರೆ ಕಾರಿನ ಸುತ್ತ ಒಂದು ಸಲ ನಡೆದು, “ಇದರಾಗ ಗೇರ್ ಇಲ್ಲೇನ್ರಿ?” ಎಂದು ನನ್ನನ್ನೇ ಕೇಳಿದಳು. ನನಗೆ ನೀನು ನೆನಪಾದೆ.

ಚಹಾ ಕುಡಿಯುವಾಗ ಸಾವಿತ್ರಿಬಾಯಿ ನೇರವಾಗಿ ಕೇಳಿದರು: “ತಪ್ಪು ತಿಳಕೋಬ್ಯಾಡ್ರಿ, ಹೆಣ್ಣ ಹೆತ್ತಾಕಿ ಕೇಳಬೇಕಾಗ್ತದ. ಮೊದಲನೇದು ಯಾಕ ಮುರೀತ್ರಿ?” ಭಾಮಾ ಸೆರಗು ಸರಿಮಾಡಿಕೊಂಡಳು. ವಿಕ್ರಮ ಫೋನು ನೋಡುತ್ತಿದ್ದ. “ಹೊಂದಿಕಿ ಆಗಲಿಲ್ರಿ” ಎಂದೆ. ಅವರು ತಲೆಯಾಡಿಸಿ ಚಿವಡಾ ತಟ್ಟೆ ನನ್ನ ಕಡೆ ಸರಿಸಿದರು.

ಇಷ್ಟು ಹೇಳಿ ಮುಗಿಸುತ್ತೇನೆ. ಇದನ್ನು ಓದಿ ಹರಿದು ಹಾಕು, ಉತ್ತರ ಬರೆಯುವ ಹಂಗು ನಿನಗೆ ಬೇಡ. ನಿನ್ನ ಆರೋಗ್ಯ ಚೆನ್ನಾಗಿರಲಿ. ಶಾಲೆಯ ಮಕ್ಕಳು ನಿನ್ನನ್ನು ಮೆಚ್ಚಲಿ. ನಿನಗೆ ಇಷ್ಟವಾದ ಕಾರು, ನಿನ್ನದೇ ಹೆಸರಿನಲ್ಲಿ ಬರಲಿ, ಸಮುದ್ರದ ಪಕ್ಕದ ಆ ಉದ್ದನೆಯ ರಸ್ತೆಯಲ್ಲಿ ನೀನು ಅದನ್ನು ಓಡಿಸು. ಎಲ್ಲಿದ್ದರೂ ತಂಪಾಗಿರು, ತಾಯಿ.

ಇಂತಿ,
ಬಿಂದುಮಾಧವ

ತಾಜಾ ಕಲಂ: ಈ ಕಾಗದ ಮೂರು ದಿನ ಕಪಾಟಿನಲ್ಲೇ ಉಳಿಯಿತು. ಮೇಲೆ ಬರೆದದ್ದನ್ನೆಲ್ಲ ಓದಿದೆ. ಕಾರಿನ ಬಗ್ಗೆ ಇಷ್ಟುದ್ದ ಬರೆದವನು ಬರೆಯಬೇಕಾದ ಒಂದನ್ನು ಬಿಟ್ಟಿದ್ದೇನೆ.

ಕೋರ್ಟಿನ ಆ ಸಣ್ಣ ಕೋಣೆಯಲ್ಲಿ ಸಮಾಲೋಚಕಿಯವರು ನನ್ನನ್ನು ಕೇಳಿದರು, ಮನೆಯಲ್ಲಿ ಮಗ ಇವಳ ಮೇಲೆ ಕೈ ಮಾಡುತ್ತಿದ್ದನೇ, ನೀವು ಹಿರಿಯರು, ಕಂಡದ್ದು ಹೇಳಿ ಎಂದು. ನನ್ನೆದುರು ಎಂದೂ ಇಲ್ಲ ಎಂದೆ. ನೀನು ಪಕ್ಕದ ಕುರ್ಚಿಯಲ್ಲಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ಅವನು ನಿನಗೆ ಹೊಡೆದಾಗ ನಾನು ಪಡಸಾಲೆಯಲ್ಲಿ ಕೂತಿದ್ದೆ. ನೀನು ನನ್ನ ಕಡೆ ನೋಡಿದೆ, ನಾನು ಪೇಪರು ಮೇಲೆತ್ತಿ ಹಿಡಿದೆ. ಅದು ಒಂದು ಸಲವೂ ಅಲ್ಲ. ಸುಳ್ಳಿ ಎಂಬ ಹೆಸರು ಹೊತ್ತು ಹೋದವಳು ನೀನು, ಸುಳ್ಳು ಹೇಳಿದವನು ನಾನು.

ನಿನ್ನೆ ಯಾರಿಗೂ ಹೇಳದೆ ಬಸ್ಸು ಹಿಡಿದು ಸಾಸವಡಕ್ಕೆ ಹೋದೆ. ಸಾವಿತ್ರಿಬಾಯಿಗೆ, ಶರ್ವರಿಗೆ, ಇಬ್ಬರಿಗೂ ಎದುರೆದುರೇ ಕೂತು ಹೇಳಿದೆ. ಹುಡುಗಿ ಎದ್ದು ನನಗೆ ನೀರು ತಂದುಕೊಟ್ಟಳು. ಸಂಜೆಗೇ ಮದುವೆ ಬೇಡವೆಂದು ಫೋನು ಬಂತು. ವಿಕ್ರಮ ಬಟ್ಟೆ ತುಂಬಿಕೊಂಡು ಹೊಸ ಕಾರಿನಲ್ಲಿ ಎಲ್ಲಿಗೋ ಹೋದ. ಭಾಮಾ ನನ್ನ ತಟ್ಟೆಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಇದ್ಯಾವುದೂ ನನ್ನನ್ನು ಸುಡುತ್ತಿಲ್ಲ.

ಹೇಳಿ ಮುಗಿಸಲು ನನಗೆ ಐದು ನಿಮಿಷವೂ ಹಿಡಿಯಲಿಲ್ಲ, ಪ್ರಣೀತಾ. ಎರಡೇ ಸಲ ನೋಡಿದ ಹುಡುಗಿಗಾಗಿ ಅಷ್ಟು ಮಾಡಿದೆ. ನಿನಗಾಗಿ ಮಾಡಲಿಲ್ಲ.