ಖಾಲಿ ಮೈದಾನಕ್ಕೆ ದೀಪ ಹಚ್ಚಿದವರಿಗೆ

ವಾಯುನೆಲೆಯ ಹೊಸ ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಗಳೇ,

ನಿಮ್ಮ ಸಂಗ್ರಹಾಲಯದ ಎರಡನೇ ಕೋಣೆಯ ಗೋಡೆಯ ಮೇಲೆ ಒಂದು ಸುಳ್ಳು ನೇತಾಡುತ್ತಿದೆ. ಚೌಕಟ್ಟು ಚೆನ್ನಾಗಿದೆ, ಮೇಲೊಂದು ಪುಟ್ಟ ಬಲ್ಬನ್ನೂ ಹಾಕಿಸಿದ್ದೀರಿ. "ಯುದ್ಧಕಾಲದಲ್ಲಿ ಶತ್ರುವಿಮಾನಗಳು ದಾರಿ ತಪ್ಪಿ, ನೆಲೆಯ ಪೂರ್ವಕ್ಕಿದ್ದ ಖಾಲಿ ಮೈದಾನದ ಮೇಲೆ ಬಾಂಬು ಸುರಿಸಿದವು. ಯಾವುದೇ ಪ್ರಾಣಹಾನಿ ಸಂಭವಿಸಲಿಲ್ಲ." ಆ ಖಾಲಿ ಮೈದಾನದಲ್ಲಿ ನನ್ನ ಹೆಂಡತಿಯ ಅಕ್ಕ ಸತ್ತಳು. ಆರು ವರ್ಷದ ಮಗು. ಈಗ ಅದೇ ಜಾಗದ ಮೇಲೆ ರನ್‌ವೇಯನ್ನು ಉದ್ದ ಮಾಡುತ್ತೀರಂತೆ. ಕಾಂಕ್ರೀಟು ಬೀಳುವ ಮೊದಲು ಅವಳನ್ನು ಎಲ್ಲಿ ಹೂಳಿದಿರಿ ಎಂದು ಹೇಳಿ. ಪತ್ರದ ವಿಷಯ ಇಷ್ಟೇ. ಉಳಿದದ್ದೆಲ್ಲ ನಾನು ನಿಮ್ಮನ್ನು ಯಾಕೆ ನಂಬುವುದಿಲ್ಲ ಎಂಬುದರ ವಿವರ. ಅದು ಸ್ವಲ್ಪ ಉದ್ದವಾದೀತು. ಹೆಂಡತಿ ಹೋದ ಮೇಲೆ ನನ್ನ ಮಾತನ್ನು ಮಧ್ಯದಲ್ಲಿ ತಡೆಯುವವರು ಮನೆಯಲ್ಲಿ ಯಾರೂ ಇಲ್ಲ.

ಆ ಮೈದಾನ ಏನಾಗಿತ್ತೆಂದು ನಿಮಗೆ ಗೊತ್ತು, ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವವರಿಗೂ ಗೊತ್ತಾಗಲಿ. ಅದು ನಕಲಿ ವಿಮಾನ ನಿಲ್ದಾಣ. ಇಂಗ್ಲಿಷಿನಲ್ಲಿ ಡಿಕಾಯ್ ಅನ್ನುತ್ತಾರೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಈ ಪದಕ್ಕೆ ಅರ್ಥ ಹೇಳುವಾಗ, ಬೇಟೆಗಾರರು ನೀರಲ್ಲಿ ತೇಲಿಬಿಡುವ ಮರದ ಬಾತುಕೋಳಿಯ ಚಿತ್ರ ಬರೆದು ತೋರಿಸಿದ್ದರು. ಮೇಲೆ ಹಾರುವ ನಿಜವಾದ ಬಾತು ಅದನ್ನು ನಂಬಿ ಇಳಿಯುತ್ತದೆ, ಗುಂಡು ತಿನ್ನುತ್ತದೆ. ಆ ಪಾಠ ಪದ್ಯವೋ ಗದ್ಯವೋ ಈಗ ನೆನಪಿಲ್ಲ, ಬಾತು ಮಾತ್ರ ಉಳಿದಿದೆ. ನಿಮ್ಮ ಇಲಾಖೆಯ ಹೆಚ್ಚುಗಾರಿಕೆ ಏನೆಂದರೆ, ಮರದ ಬಾತಿನ ಪಕ್ಕದಲ್ಲಿ ಸಂಸಾರಗಳನ್ನೂ ಇಟ್ಟಿತ್ತು.

ನನ್ನ ಮಾವ ಬಡಗಿ. ಯುದ್ಧದ ಕೆಲಸವೆಂದು ಅವರನ್ನೂ ಇನ್ನು ಕೆಲವು ಬಡಗಿಗಳನ್ನೂ ಹೆಂಡತಿ ಮಕ್ಕಳ ಸಮೇತ ಕರೆತಂದು ಮೈದಾನದಂಚಿನ ಶೆಡ್ಡುಗಳಲ್ಲಿ ಇಳಿಸಿದರು. ಬಿದಿರು, ಹಲಗೆ, ಗೋಣಿಬಟ್ಟೆಯಿಂದ ವಿಮಾನ ಮಾಡಬೇಕು. ಮೇಲ್ಭಾಗವನ್ನು ನುಣ್ಣಗೆ ಉಜ್ಜಿ ಬಣ್ಣ ಬಳಿಯುವುದು, ಅಡಿಭಾಗವನ್ನು ಒರಟಾಗಿ ಹಾಗೇ ಬಿಡುವುದು. ಪ್ರತಿದಿನ ಅವನ್ನು ಹೊತ್ತು ಜಾಗ ಬದಲಿಸುವುದೂ ಅವರದೇ ಕೆಲಸ. ಯಾತಕ್ಕೆಂದು ಕೇಳಿದರೆ, "ಪೈಲಟ್ಟುಗಳ ಅಭ್ಯಾಸಕ್ಕೆ" ಎಂದು ಉತ್ತರ. ಅತ್ತೆ ಆ ರೆಕ್ಕೆಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದರಂತೆ. ಒಮ್ಮೆ ಮೇಲ್ವಿಚಾರಕ ಓಡಿ ಬಂದು, "ಏನಮ್ಮಾ ಇದು, ಬಾಂಬರ್ ಮೇಲೆ ಲಂಗ ಹರವಿದ್ದೀಯಲ್ಲ!" ಎಂದು ಕೂಗಾಡಿದರೆ, "ಹಾರೋ ಹೊತ್ತಿಗೆ ಒಂದು ಮಾತು ಹೇಳಿ ಸ್ವಾಮಿ, ತೆಕ್ಕೊಂಡ್‌ಬಿಡ್ತೀನಿ" ಎಂದರಂತೆ. ಇದನ್ನು ನನ್ನ ಹೆಂಡತಿ ನೂರು ಸಲ ಹೇಳಿ ನಕ್ಕಿದ್ದಾಳೆ. ಮುಂದಿನದನ್ನು ಒಂದೇ ಸಲ ಹೇಳಿದಳು.

ಊರಿಗೆಲ್ಲ ಬ್ಲ್ಯಾಕ್‌ಔಟ್. ಕಿಟಕಿಗೆ ಕಪ್ಪು ಕಾಗದ, ಸೈಕಲ್ ದೀಪಕ್ಕೂ ಮುಸುಕು. ಆ ಮೈದಾನದಲ್ಲಿ ಮಾತ್ರ ಕತ್ತಲಾಗುತ್ತಲೇ ಸಾಲು ಸಾಲು ದೀಪ! ಶೆಡ್ಡಿನಲ್ಲಿ ಬುಡ್ಡಿಯೂ ಇಲ್ಲದ ಸಂಸಾರಗಳು ಏನು ಮಾಡಿಯಾವು? ಬೆಳಕಿದ್ದಲ್ಲಿಗೆ ಬಂದವು. ಹೆಂಗಸರು ಅಲ್ಲೇ ಹರಿದ ಬಟ್ಟೆ ಹೊಲಿದರು, ಮಕ್ಕಳು ಅಲ್ಲೇ ಆಡಿದವು. ಸರ್ಕಾರ ನಮ್ಮ ಮೇಲೆ ಎಷ್ಟು ಕರುಣೆ ಇಟ್ಟಿದೆ ಎಂದುಕೊಂಡು ಮಾವ ಮಿಕ್ಕ ಹಲಗೆಯಲ್ಲಿ ಒಂದು ಬೆಂಚು ಮಾಡಿ ದೀಪದ ಕೆಳಗೇ ಇಟ್ಟರು. ದೀಪ ಹಚ್ಚುವ ಸಿಬ್ಬಂದಿ ಮಾತ್ರ ಸ್ವಿಚ್ಚು ಹಾಕಿದವರೇ ನೆಲದಡಿಯ ಕಾಂಕ್ರೀಟು ಕೋಣೆಗೆ ಇಳಿದುಬಿಡುತ್ತಿದ್ದರು. "ಯಾಕೆ ಸ್ವಾಮಿ ಬಿಲದಲ್ಲಿ ಕೂರ್ತೀರಿ, ಮೇಲೆ ಗಾಳಿ ಚೆನ್ನಾಗಿದೆ ಬನ್ನಿ" ಎಂದು ಮಾವ ಕರೆದರೆ, "ನಮಗೆ ಥಂಡಿ ಆಗಲ್ಲಪ್ಪಾ" ಎಂದರಂತೆ. ಥಂಡಿ! ಮಾನ್ಯರೇ, ಈ ಒಂದು ಪದಕ್ಕೆ ನಿಮ್ಮಲ್ಲಿ ಗಾಜಿನ ಪೆಟ್ಟಿಗೆ ಇದೆಯೇ?

ಬಾಂಬು ಕರೆದಲ್ಲಿಗೇ ಬಂತು. ನಿಜವಾದ ನೆಲೆಗೆ ಒಂದು ಗೀರೂ ಬೀಳಲಿಲ್ಲ. ಮಗು ಬೆಂಚಿನ ಮೇಲಿದ್ದಳು. ಸಿಪಾಯಿಗಳು ಅವಳನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿಗೆ ಹಾಕಿ, "ನಾವು ನೋಡ್ಕೋತೀವಿ, ನೀವು ಬರಬೇಡಿ" ಎಂದರು. ಸಂಸಾರಗಳನ್ನು ಬೇರೆ ಊರಿಗೆ ಸಾಗಿಸಿದರು. ಮೈದಾನದ ಸುತ್ತ ಬೇಲಿ ಬಂತು. ಅತ್ತೆ ಮಗಳ ಮುಖವನ್ನೂ ನೋಡಲಿಲ್ಲ, ಮಣ್ಣನ್ನೂ ನೋಡಲಿಲ್ಲ. ಯುದ್ಧವೆಂದ ಮೇಲೆ ಮೋಸ ಬೇಕಾಗುತ್ತದೆ, ಒಪ್ಪುತ್ತೇನೆ. ಶತ್ರುವಿಗೆ ಮೋಸ ಮಾಡಿದಿರಿ, ಸಂತೋಷ. ಬಡಗಿಗೆ ಯಾಕೆ? ಶತ್ರು "ದಾರಿ ತಪ್ಪಿ" ಬಂದನೋ, ದೀಪ ಹಿಡಿದು ದಾರಿ ತೋರಿಸಿದ್ದು ಯಾರೋ?

ಯುದ್ಧ ಮುಗಿದ ಮೇಲೆ ಹುಟ್ಟಿದ ನನ್ನ ಹೆಂಡತಿ, ತಾಯಿ ತೀರಿಕೊಂಡ ವರ್ಷ ನಿಮ್ಮ ಕಚೇರಿಗೆ ಬಂದಿದ್ದಳು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದೆ.

"ಅಂಥ ಮೈದಾನವೇ ಇರಲಿಲ್ಲಮ್ಮ. ಯಾರೋ ನಿಮಗೆ ಕಥೆ ಹೇಳಿದ್ದಾರೆ" ಎಂದರು ಮೇಜಿನ ಹಿಂದಿದ್ದವರು.

"ಹೇಳಿದ್ದು ನಮ್ಮಮ್ಮ. ಅವಳಿಗೆ ಕಥೆ ಕಟ್ಟೋಕೆ ಬರ್ತಿರಲಿಲ್ಲ ಸಾರ್, ಬೈಯೋಕೆ ಮಾತ್ರ ಬರ್ತಿತ್ತು."

ಈಗ ನಿಮ್ಮ ಫಲಕ ಓದಿದರೆ ಮೈದಾನ ಇತ್ತು! ಕಾಲೇಜಿನ ಲಾಜಿಕ್ ಅರ್ಧಂಬರ್ಧ ನೆನಪಿರುವ ನನಗೇ ಕಾಣುತ್ತದೆ: ಇಲ್ಲದ ಮೈದಾನದ ಮೇಲೆ ಬಾಂಬು ಬೀಳುವುದಿಲ್ಲ. ಅಂದು ಒಬ್ಬರು ಸುಳ್ಳು ಹೇಳಿದ್ದರೆ, ಇಂದಿನದು ಪೂರ್ತಿ ನಿಜ ಎಂದು ನಾನು ಹೇಗೆ ನಂಬಲಿ? ಗಾಜಿನ ಪೆಟ್ಟಿಗೆಯಲ್ಲಿ "ತರಬೇತಿ ಮಾದರಿ" ಎಂದು ಬರೆದು ಒಂದು ರೆಕ್ಕೆ ಇಟ್ಟಿದ್ದೀರಿ. ಮಂಡಿಯೂರಿ ಕೆಳಗಿನಿಂದ ನೋಡಿದೆ. ಅಡಿಭಾಗ ಒರಟು. ಕಾವಲಿನವನು ಬಂದ. "ಏನ್ ತಾತಾ, ಏನ್ ಬೀಳಿಸ್ಕೊಂಡ್ರಿ?" "ನಾನೇನೂ ಬೀಳಿಸಿಲ್ಲಪ್ಪಾ, ಬೀಳಿಸಿದೋರನ್ನ ಹುಡುಕ್ತಿದ್ದೀನಿ" ಎಂದೆ. ರನ್‌ವೇ ಕೆಲಸ ಮಂಜೂರಾದ ತಿಂಗಳಲ್ಲೇ "ಪ್ರಾಣಹಾನಿ ಇಲ್ಲ" ಎಂಬ ಫಲಕವೂ ಗೋಡೆ ಏರಿತು. ಕೋಇನ್ಸಿಡೆನ್ಸ್ ಅನ್ನುತ್ತೀರಿ. ಇರಬಹುದು.

ನನ್ನ ಬೇಡಿಕೆ ಎರಡರಲ್ಲಿ ಒಂದು. ಮಗು ಸತ್ತಳೆಂದು ಒಪ್ಪಿ, ಹೂಳಿದ ಜಾಗ ತೋರಿಸಿ, ಆಮೇಲೆ ರನ್‌ವೇ ಎಳೆಯಿರಿ. ಇಲ್ಲ, ಫಲಕವೇ ಸರಿ, ಯಾರೂ ಸಾಯಲಿಲ್ಲ ಎನ್ನುವಿರಾದರೆ, ಅವಳು ಬದುಕಿದ್ದಾಳೆ ಎಂದಾಯಿತು. ನಿಮ್ಮವರೇ ಕರೆದುಕೊಂಡು ಹೋಗಿದ್ದಾರೆ, ಎಂಬತ್ತು ವರ್ಷದಿಂದ ನೀವೇ ನೋಡಿಕೊಳ್ಳುತ್ತಿದ್ದೀರಿ. ಹಾಗಿದ್ದರೆ ದಯವಿಟ್ಟು ವಿಳಾಸ ಕೊಡಿ. ಅವಳ ತಂಗಿ ಹೋಗಿಬಿಟ್ಟಳು. ಅಕ್ಕನಿಗೆ ಸುದ್ದಿ ಮುಟ್ಟಿಸುವುದು ಬಾಕಿ ಇದೆ.

ಇಂತಿ,
ಯಾರೂ ಇರಲಿಲ್ಲವೆಂದು ನೀವು ಬರೆದ ಮನೆಯ ಅಳಿಯ