ಗೋಣಿತಾತನ ದಾರ

ಭಾನುವಾರ, ಬೆಳಗಿನ ಬಿಸಿಲಿನಲ್ಲಿ

ಒಂದು ಕಾಲದ ನಮ್ಮ ಯಜಮಾನರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ, ಬೇಕೆಂದೇ ತಡ ಮಾಡಿದೆ. ಯಾಕೆ ಅನ್ನುವುದು ಈ ಕಾಗದದ ಕೊನೆಯಲ್ಲಿದೆ. ಹಿಮ ಕರಗಿತು, ಬಿಸಿಲು ಬಂತು, ತೋಟದ ಕೆಲಸ ಶುರುವಾಯಿತು ಅಂತೆಲ್ಲ ಬರೆದಿದ್ದೀರಿ. ನಾನು ಹೇಗಿದ್ದೇನೆ ಅಂತ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಕಿಟಕಿ ತೆರೆದರೆ ಚಾಪೆಯಷ್ಟಗಲ ಅಂಗಳ, ಅದರಾಚೆ ಬೇಕರಿಯ ಒಲೆಯ ಗೋಡೆ. ಚಳಿಗಾಲವಿಡೀ ಆ ಗೋಡೆ ಬೆಚ್ಚಗಿತ್ತು. ನಿಮ್ಮ ಮನೆಯಲ್ಲಿ ನನಗೆ ಅಷ್ಟು ಬೆಚ್ಚಗಿನ ಗೋಡೆ ಒಂದೂ ಇರಲಿಲ್ಲ.

ನೀವು ಕೇಳಿದ್ದು ಎರಡು. ಹುಲ್ಲುಹಾಸಿನ ನಡುವೆ ಹಳದಿ ಪಟ್ಟೆ ಯಾಕೆ ಬಂತು ಅನ್ನುವುದು ಒಂದು. ಗೋಣಿತಾತನ ಹೊಲಿಗೆ ಬಿಚ್ಚಲು ಯಾವ ದಾರ ಎಳೆಯಬೇಕು ಅನ್ನುವುದು ಇನ್ನೊಂದು.

ಮೊದಲು ಹುಲ್ಲು. ಅದಕ್ಕೆ ರೋಗವೂ ಇಲ್ಲ, ಹುಳುವೂ ಇಲ್ಲ. ಅಂಗಡಿಯವನು ಕೊಟ್ಟ ಪುಡಿ ಎರಚಿ ಮೈಕೈ ನೋಯಿಸಿಕೊಳ್ಳಬೇಡಿ. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲನ್ನು ತುಳಿದರೆ ಎಸಳು ಒಳಗೊಳಗೇ ಮುರಿಯುತ್ತದೆ. ಆಗ ಏನೂ ಕಾಣುವುದಿಲ್ಲ. ಬಿಸಿಲು ಬಂದು ಉಳಿದ ಹುಲ್ಲು ಹಸಿರಾದಾಗ ತುಳಿದ ಜಾಗ ಮಾತ್ರ ಸತ್ತು ಮಲಗಿರುತ್ತದೆ. ಪಟ್ಟೆ ಅಡುಗೆಮನೆಯ ಬಾಗಿಲಿನಿಂದ ಹೊರಟು ನೇರವಾಗಿ ಗೋಣಿತಾತನ ಬುಡಕ್ಕೆ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ದಿನಾ ಬೆಳಿಗ್ಗೆ ಹೋಗಿ ತಾತನ ಮೈಮೇಲಿನ ಹಿಮ ಕೊಡವಿ ಬರುತ್ತಿದ್ದೆ ಅಂತಲೂ ನೀವೇ ಬರೆದಿದ್ದೀರಿ. ಇನ್ನು ಕಳ್ಳ ಯಾರು ಅಂತ ನಾನು ಬಿಡಿಸಿ ಹೇಳಬೇಕೇ?

ಅದನ್ನು ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ರವಿಕೆ ಅಳತೆ ಕೊಡಲು ಬಂದಿದ್ದ ನರ್ಸಮ್ಮ ಹೆದರಿ ನನ್ನ ನಾಡಿ ಹಿಡಿದು ನೋಡಿದರು. ಆ ಹುಲ್ಲಿನ ಮೇಲೆ ಕಾಲಿಡಲು ನನಗೆ ಅಪ್ಪಣೆ ಇರಲಿಲ್ಲ, ನೆನಪಿದೆಯೇ? ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು, ಗೋಡೆಯಂಚಿನ ಇಟ್ಟಿಗೆ ಸಾಲಿನ ಮೇಲೆ ಸುತ್ತಿ ಬಳಸಿ ಹೋಗಬೇಕಿತ್ತು. ಒಮ್ಮೆ ಜಾರಿಬಿದ್ದು ಮಣಿಕಟ್ಟು ಉಳುಕಿಸಿಕೊಂಡೆ. ನೀವು ಓಡಿ ಬಂದಿರಿ. ಬಂದು ಮೊದಲು ನೋಡಿದ್ದು ಸೋಪಿನ ನೀರು ಹುಲ್ಲಿಗೆ ಹರಿಯಿತಾ ಅಂತ. ಈಗ ಅದೇ ಹುಲ್ಲನ್ನು ನೀವೇ ಚಳಿಗಾಲವಿಡೀ ನಿಷ್ಠೆಯಿಂದ ತುಳಿದಿದ್ದೀರಿ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಗೋಣಿತಾತ. ಅದು ಬೀದಿಯ ಮಕ್ಕಳು ಇಟ್ಟ ಹೆಸರು. ಎಲೆ ಉದುರಿದ ಅಂಜೂರದ ಗಿಡ ಹಿಮಕ್ಕೆ ಸಾಯದಿರಲಿ ಅಂತ ಹುಲ್ಲು ಸುತ್ತಿ, ಗೋಣಿ ಹೊಲಿದು, ತಲೆಗೆ ಬಕೆಟ್ಟು ಬೋರಲು ಹಾಕಿದರೆ ಥೇಟ್ ಚಳಿಗೆ ಮುದುರಿ ನಿಂತ ಮುದುಕ. ಶಾಲೆಗೆ ಹೋಗುವಾಗ ಮಕ್ಕಳು ಬೇಲಿಯಾಚೆಯಿಂದ ತಾತಾ ನಮಸ್ಕಾರ ಅನ್ನುತ್ತಿದ್ದವು. ಆ ಗಿಡ ಮದುವೆಯಾದ ವರ್ಷ ಅಪ್ಪ ತಂದುಕೊಟ್ಟ ಕಡ್ಡಿ. ತಮ್ಮ ಹಿತ್ತಲಿನಿಂದ ಕತ್ತರಿಸಿ, ಒದ್ದೆ ಕರವಸ್ತ್ರದಲ್ಲಿ ಸುತ್ತಿ, ರೈಲಿನಲ್ಲಿ ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ನಿಮ್ಮ ಹುಲ್ಲಿಗೆ ನೆರಳಾಗುತ್ತದೆ ಅಂತ ನೀವು ಮೂಲೆಗೆ ಹಾಕಿಸಿದಿರಿ. ಅದು ಬದುಕುವುದಿಲ್ಲ ಅಂತ ನಿಮ್ಮ ದೊಡ್ಡಣ್ಣ ಭವಿಷ್ಯ ಹೇಳಿದರು. ಬದುಕಿಸಿದ್ದು ನಾನು. ವಸಂತ ಬಂದಾಗ ನಾನು ಒಂದು ದಾರ ಎಳೆದರೆ ಗೋಣಿಯೆಲ್ಲ ಒಂದೇ ಉಸಿರಿಗೆ ಕೆಳಗೆ ಬೀಳುತ್ತಿತ್ತು, ಬೀದಿಯವರು ಚಪ್ಪಾಳೆ ಹೊಡೆಯುತ್ತಿದ್ದರು. ಆ ಚಪ್ಪಾಳೆಗೆ ಕೈಮುಗಿಯುತ್ತಿದ್ದವರು ನೀವು.

ನಾವು ಬೇರೆಯಾಗುವ ದಿನ ಹಿರಿಯರ ಮುಂದೆ ನಾನು ಕೇಳಿದ್ದು ಆ ಗಿಡವೊಂದನ್ನೇ. ಮನೆ ನಿಮ್ಮಪ್ಪನದು, ಬೇಡ ಅಂದೆ. ಪಾತ್ರೆಪಗಡ ಬೇಡ ಅಂದೆ. ನೆಲಕ್ಕೆ ಬೇರು ಬಿಟ್ಟದ್ದು ನೆಲದ ಯಜಮಾನನಿಗೇ ಸೇರಬೇಕು ಅಂತ ನಿಮ್ಮ ದೊಡ್ಡಣ್ಣ ತೀರ್ಪು ಕೊಟ್ಟರು. ನೀವು ಕಾಲ ಮೇಲೆ ಕಾಲು ಹಾಕಿಕೊಂಡು, ಅಂಜೂರ ತಿನ್ನೋ ಆಸೆ ಇದ್ರೆ ಅಂಗಡೀಲಿ ಸಿಗುತ್ತೆ ಅಂದಿರಿ. ಕೂತಿದ್ದವರೆಲ್ಲ ನಕ್ಕರು. ನನ್ನ ಕಡೆಯಿಂದ ಬಂದಿದ್ದ ಚಿಕ್ಕಪ್ಪನೂ ನಕ್ಕರು. ನೀವು ಇನ್ನೊಬ್ಬಳನ್ನು ಕರೆತಂದದ್ದನ್ನು ನಾನು ಹೇಗೋ ನುಂಗಿಕೊಂಡೆ. ಆ ನಗುವನ್ನು ನುಂಗಲು ಆಗಲಿಲ್ಲ. ಈಗಲೂ ಆಗಿಲ್ಲ.

ಹಾಗೆ ಎಲ್ಲರನ್ನೂ ನಗಿಸಿದ ನೀವೇ ಎಲೆ ಉದುರುವ ಹೊತ್ತಿಗೆ ನನಗೆ ಹೇಳಿ ಕಳಿಸಿದಿರಿ. ಬಂದು ಗೋಣಿ ಹೊಲಿದು ಹೋಗು, ಆ ಕೆಲಸ ನಿನ್ನ ಕೈಗೆ ಮಾತ್ರ ಬರುತ್ತೆ, ನಾವು ಪ್ರವಾಸ ಹೋಗ್ತಿದೀವಿ, ಗೇಟಿನ ಬೀಗದಕೈ ಹೂಕುಂಡದ ಕೆಳಗಿದೆ ಅಂತ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಹಿತ್ತಲ ಗಿಡ ಚಳಿ ಬಂದಾಗ ಮಾತ್ರ ಮದ್ದು. ಆದರೂ ಬಂದೆ. ನಲ್ಲಿ ರಿಪೇರಿ ಮಾಡುವ ನನ್ನ ತಮ್ಮನನ್ನೂ ಅವನ ಗಾಡಿಯನ್ನೂ ಕರೆದುಕೊಂಡು ಬಂದೆ. ಹೊಲಿದೆ, ಬಕೆಟ್ಟು ಹಾಕಿದೆ, ಬೀಗದಕೈ ಇದ್ದಲ್ಲೇ ಇಟ್ಟು ಹೋದೆ. ನಿಮ್ಮಿಂದ ಕೂಲಿ ಕೇಳಲಿಲ್ಲ.

ಈಗ ನಿಮ್ಮ ಕಾಗದ ತುಂಬ ತಾತನ ಸೇವೆಯ ವರ್ಣನೆ. ನೀವು ಕರೆತಂದವಳು ತನ್ನ ಉಣ್ಣೆಯ ಶಾಲನ್ನು ಅದರ ಕುತ್ತಿಗೆಗೆ ಕಟ್ಟಿದಳಂತೆ. ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ, ಶಾಲು ಮಾತ್ರ ಬೇಗ ಬಿಚ್ಚಿಕೊಳ್ಳಲಿ, ಮುಂದಿನ ಚಳಿಗಾಲಕ್ಕೆ ಅವಳಿಗೇ ಬೇಕಾಗುತ್ತದೆ. ಗೋಣಿಯ ಮೇಲೆ ಕೈಯಾಡಿಸಿದರೆ ಮೊಗ್ಗುಗಳು ಸಿಗುತ್ತಿವೆ, ಗುಂಡಗೆ, ಗಟ್ಟಿಯಾಗಿ, ಒಂದರ ಕೆಳಗೊಂದು ಸಾಲಾಗಿ ಅಂತ ಬರೆದಿದ್ದೀರಿ. ಸಂತೋಷ. ಮುಂದಿನ ಭಾನುವಾರ ತೋಟದ ಸಂಘದವರನ್ನೆಲ್ಲ ಕರೆದು, ಚಹಾ ಕೊಟ್ಟು, ಎಲ್ಲರೆದುರಿಗೆ ನೀವೇ ದಾರ ಎಳೆಯುತ್ತೀರಂತೆ. ಅಧ್ಯಕ್ಷಗಿರಿ ಈ ಸಲ ನಿಮಗೇ ಅಂತ ಮಾತಿದೆಯಂತೆ. ಅದಕ್ಕೂ ಸಂತೋಷ.

ಈ ಬಿಸಿಲನ್ನು ನಂಬಬೇಡಿ. ಇನ್ನೊಂದು ಚಳಿ ಬಾಕಿ ಇದೆ, ಅದು ಹೇಳದೆ ಕೇಳದೆ ಬರುತ್ತದೆ. ಗುಲಾಬಿಗೆ ಹೊದಿಸಿದ ಹುಲ್ಲು ಇನ್ನೂ ತೆಗೆಯಬೇಡಿ, ಟೊಮೆಟೊ ಸಸಿಗಳನ್ನು ಒಳಗೇ ಇಡಿ. ಅವು ನಿಮಗೇನೂ ಅನ್ಯಾಯ ಮಾಡಿಲ್ಲ, ನನಗೂ ಮಾಡಿಲ್ಲ. ಗೋಣಿಯೊಳಗೆ ನಿಂತಿರುವುದನ್ನು ಮಾತ್ರ ಧೈರ್ಯವಾಗಿ ಬಿಚ್ಚಿ. ಯಾವ ಚಳಿಯೂ ಅದಕ್ಕೇನೂ ಮಾಡುವುದಿಲ್ಲ, ಅದಕ್ಕೆ ನಾನು ಹೊಣೆ.

ದಾರದ ವಿಷಯ ಹೀಗಿದೆ. ಅದು ಅಕ್ಕಿ ಮೂಟೆಯ ಬಾಯಿಗೆ ಹಾಕುವ ಸರಪಳಿ ಹೊಲಿಗೆ. ಮುಗಿದ ತುದಿಯಿಂದ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ, ಶುರುವಾದ ತುದಿಯಿಂದ ಎಳೆದರೆ ಬಿಗಿಯುತ್ತದೆ. ಮುಗಿದ ತುದಿ ಬಕೆಟ್ಟಿನ ಅಂಚಿನ ಕೆಳಗೆ, ಗೋಡೆಯ ಕಡೆಗಿದೆ. ಕತ್ತರಿ ಹಾಕಬೇಡಿ. ಬಕೆಟ್ಟು ತೆಗೆದು, ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನಿಲ್ಲಿಸದೆ ಒಂದೇ ಸಲ ಎಳೆಯಿರಿ.

ಇಲ್ಲಿಗೆ ನಿಮಗೆ ಬೇಕಾದ ಸಾಲು ಸಿಕ್ಕಿತು. ಇಷ್ಟು ಹೊತ್ತಿಗೆ ಕಾಗದ ಮಡಚಿ ಜೇಬಿಗಿಟ್ಟುಕೊಂಡಿರುತ್ತೀರಿ. ನಿಮ್ಮ ಅಭ್ಯಾಸ ನನಗೆ ಗೊತ್ತಿಲ್ಲವೇ? ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಬರೆದದ್ದನ್ನು ನೀವು ಒಮ್ಮೆಯೂ ತಂದವರಲ್ಲ. ಅದಕ್ಕಾದರೆ ಉಪ್ಪಿಲ್ಲದೆ ಉಂಡು ಸುಮ್ಮನಾಗಬಹುದಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ತಮ್ಮನ ಕೈಯಲ್ಲಿ ಒಂದು ಕಾಗದ ಕಳಿಸಿದ್ದೆ. ಮುಂಬದಿಯಲ್ಲಿ ಅನ್ನ ಎಲ್ಲಿದೆ, ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆ ಅಂತಿತ್ತು. ಹಿಂಬದಿಯಲ್ಲಿ ಅಪ್ಪ ನಿಮ್ಮನ್ನು ಕೇಳುತ್ತಿದ್ದಾರೆ, ಇವತ್ತೇ ಬನ್ನಿ ಅಂತಿತ್ತು. ನೀವು ಅನ್ನ ಉಂಡಿರಿ, ಅಂಗಿ ಹಾಕಿಕೊಂಡಿರಿ. ಅಪ್ಪ ಬಾಗಿಲ ಕಡೆ ನೋಡುತ್ತಲೇ ಹೋದರು. ಆಮೇಲೆ ಕೇಳಿದ್ದಕ್ಕೆ, ಹಿಂದೆ ಬರೆದರೆ ಯಾರು ನೋಡ್ತಾರೆ ಅಂದಿರಿ. ಅವತ್ತು ನಾನು ಅತ್ತೆ. ಈಗ ಅಳುವುದಿಲ್ಲ, ಹಾಳೆ ಮಗುಚುತ್ತೇನೆ.

ಇತಿ,
ಒಂದು ಕಾಲದಲ್ಲಿ ನಿಮ್ಮವಳಾಗಿದ್ದ, ಈಗ ತನ್ನ ಪಾಡಿಗೆ ತಾನು ಬಟ್ಟೆ ಹೊಲಿಯುವ
ನಾನು

ಮರೆತ ಮಾತು (ಹಾಳೆಯ ಹಿಂಬದಿಯಲ್ಲಿ):

ಗೋಣಿಯೊಳಗೆ ಅಂಜೂರವಿಲ್ಲ. ನೀವು ಪ್ರವಾಸದಲ್ಲಿದ್ದಾಗ ತಮ್ಮನೂ ನಾನೂ ಅದನ್ನು ಬೇರುಮಣ್ಣಿನ ಸಮೇತ ಅಗೆದು ಗಾಡಿಗೆ ಹಾಕಿಕೊಂಡು ಬಂದೆವು. ಅದು ನನ್ನ ಕೂಲಿ. ಆ ಗುಂಡಿಯಲ್ಲಿ ನಿಮ್ಮ ಶೆಡ್ಡಿನಲ್ಲಿದ್ದ, ಕಾಲು ಮುರಿದ ಕೋಟ್ ಸ್ಟ್ಯಾಂಡನ್ನು ನೆಟ್ಟೆ. ಅದಕ್ಕೆ ನಿಮ್ಮ ಮದುವೆಯ ಕೋಟು ತೊಡಿಸಿ, ಒಳಗೆ ಒಣಹುಲ್ಲು ತುಂಬಿದೆ. ನಾನೇ ಕಣ್ಣು ನೋಯಿಸಿಕೊಂಡು ಹೊಲಿದ ಕೋಟು ಅದು, ನೀವು ಇಲಿಗಳಿಗೆ ಬಿಟ್ಟಿದ್ದಿರಿ. ನಿಮ್ಮ ಕೈಗೆ ಸಾಲಾಗಿ ಸಿಕ್ಕ ಮೊಗ್ಗುಗಳು ಆ ಕೋಟಿನ ಗುಂಡಿಗಳು. ಇಡೀ ಚಳಿಗಾಲ ನೀವು ಹುಲ್ಲು ಸಾಯಿಸಿಕೊಂಡು ಸೇವೆ ಮಾಡಿದ್ದು ನಿಮ್ಮದೇ ಬೆದರುಬೊಂಬೆಗೆ.

ಉತ್ತರ ತಡವಾದದ್ದು ಇದಕ್ಕೆ: ಗಿಡ ಜಾಗ ಬದಲಾಯಿಸಿದ್ದಕ್ಕೆ ಮುನಿಸಿಕೊಂಡಿತ್ತು. ಬೇಕರಿಯ ಗೋಡೆಗೆ ಒರಗಿಸಿ ನೆಟ್ಟು, ದಿನಾ ಉಗುರಿನಿಂದ ತೊಗಟೆ ಗೀರಿ ಹಸಿರಿದೆಯೇ ಅಂತ ನೋಡುತ್ತಿದ್ದೆ. ಅದು ಸತ್ತಿದ್ದರೆ ಅಪ್ಪನ ಕಡ್ಡಿಯನ್ನು ಕೊಂದವಳು ನಾನೇ ಆಗುತ್ತಿದ್ದೆ, ಈ ಕಾಗದ ಬರೆಯುವ ಮುಖ ನನಗಿರುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ತುದಿಯಲ್ಲಿ ಗಿಳಿಯ ಕೊಕ್ಕಿನಷ್ಟು ಚಿಗುರು ಕಂಡಿತು. ಕೂಡಲೇ ಪೆನ್ನು ಹುಡುಕಿದೆ.

ನೀವು ಇದನ್ನು ಓದುತ್ತಿದ್ದರೆ ನಿಮ್ಮ ಮಾನ ಉಳಿಯಿತು, ನಾನು ಸೋತೆ. ಸಂಘದವರಿಗೆ ಏನಾದರೂ ನೆಪ ಹೇಳಿ ಕಳಿಸಿಬಿಡಿ. ನಿಮ್ಮ ಎದುರುಮನೆಯ ಟೀಚರಮ್ಮ ಭಾನುವಾರ ತಮ್ಮ ಕಿಟಕಿಯ ಬಳಿ ನನಗೊಂದು ಕುರ್ಚಿ ಹಾಕಿಸಿರುತ್ತಾರೆ. ನೀವು ದಾರಕ್ಕೆ ಕೈ ಹಾಕಿದರೆ, ಈ ಸಲವೂ ಹಾಳೆ ಮಗುಚಲಿಲ್ಲ ಅಂತ ನನಗೆ ಗೊತ್ತಾಗುತ್ತದೆ.