ಸೋದರ ಅಂತ ಬರೆದುಕೊಂಡರು

ಅಂಗಡಿಯ ಮೇಲಿನ ಮನೆ
ಮಾರ್ಚ್ ಹದಿನಾರು, ಭಾನುವಾರ

ಪ್ರೀತಿಯ ಕಡ್ಡಿ,

ಈಗ ನೀನು ಕಡ್ಡಿಯಲ್ಲ, ತೊಲೆ ಆಗಿದ್ದೀಯ ಅಂತ ಹೋದ ಸಲ ಕಳಿಸಿದ ಫೋಟೋ ಹೇಳುತ್ತೆ. ಆದರೂ ನನ್ನ ಬಾಯಿಗೆ ಬರುವುದು ಅದೇ ಹೆಸರು. ಕಾಗದ ತಡವಾಯಿತು, ಬೈಕೋಬೇಡ. ಬರೆಯಲು ಕೂತು, ಎರಡು ಸಾಲು ಬರೆದು, ಹರಿದು ಹಾಕುವುದೇ ಆಯಿತು. ಫೋನಲ್ಲೇ ಮಾತಾಡೋಣ ಅಂದರೆ ನೀನು ಎತ್ತುತ್ತಿಲ್ಲ. ಬಿಡು, ಕಾಗದವನ್ನು ಮಧ್ಯದಲ್ಲಿ ಕಟ್ ಮಾಡೋಕೆ ಗುಂಡಿ ಇಲ್ಲವಲ್ಲ. ಕೊನೆಯವರೆಗೂ ಓದು.

ಮೊದಲು ಕಣ್ಣಿನ ಸುದ್ದಿ. ಬಲಗಣ್ಣಿನ ಪೊರೆ ಬಲಿತಿದೆ, ಇನ್ನು ಮುಂದಕ್ಕೆ ಹಾಕಬಾರದು ಅಂತ ಡಾಕ್ಟರ್ ಮುಂದಿನ ತಿಂಗಳ ಮೊದಲ ವಾರಕ್ಕೆ ಆಪರೇಷನ್ ಇಟ್ಟಿದ್ದಾರೆ. ಊರಿಗೆಲ್ಲ ಕನ್ನಡಕ ಹಾಕಿಸುವವಳಿಗೇ ಪೊರೆ ಬಂತಲ್ಲ, ದೀಪದ ಕೆಳಗೆ ಕತ್ತಲು ಅಂತ ಗಿರಾಕಿಗಳು ನಗುತ್ತಾರೆ. ನಾನೂ ನಗುತ್ತೇನೆ. ಎಡಗಣ್ಣು ಚಿಕ್ಕಂದಿನಿಂದಲೂ ಮಂದ ಅಂತ ನಿನಗೆ ಗೊತ್ತು, ಹಾಗಾಗಿ ಪಟ್ಟಿ ಬಿಚ್ಚುವವರೆಗೆ ನಾನು ಕುರುಡಿಯೇ. ಮನೆಯಲ್ಲಿ ಜೊತೆಗೆ ಒಬ್ಬರು ಇರಲೇಬೇಕು. 'ನಾನ್ ಬರ್ತೀನಿ, ಅಡುಗೇನೂ ನಂದೇ, ನೀನು ಸುಮ್ನೆ ಮಲ್ಕೋ' ಅಂತ ಹೇಳಿದವನು ನೀನು. ಆ ಮಾತು ಇನ್ನೂ ನಿಂತಿದೆಯೋ ಇಲ್ಲವೋ ನನಗೆ ಗೊತ್ತಾಗಬೇಕು. ಈ ಕಾಗದ ಅದಕ್ಕೇ.

ಅವತ್ತು ಬೆಳಿಗ್ಗೆ ಫೋನ್ ಮಾಡಿ 'ಅಕ್ಕಾ, ಪೇಪರ್ ನೋಡ್ದೆ' ಅಂದೆ. ನಾನು ಬಾಯಿ ತೆಗೆಯುವುದರೊಳಗೆ ಇಟ್ಟುಬಿಟ್ಟೆ. ಆಮೇಲಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ಈಗ ಎಣ್ಣೆಯೂ ಅಲ್ಲ, ಡಾಕ್ಟರ್ ಕೊಟ್ಟ ಡ್ರಾಪ್ಸು.

ಆಚೆ ಊರಿನಲ್ಲಿ ಒಬ್ಬ ಜಗಳದಲ್ಲಿ ಗುಂಡು ಹಾರಿಸಿ ಇಬ್ಬರ ಪ್ರಾಣ ಹೋಯಿತಲ್ಲ, ಅದಾದ ಮೇಲೆ ನಮ್ಮ ಪೇಪರಿನವರು ಬಂದೂಕಿನ ಪರವಾನಗಿ ಇರುವವರ ಪಟ್ಟಿಯನ್ನು ಕಚೇರಿಯಿಂದ ತರಿಸಿ ಎರಡು ಪುಟ ತುಂಬ ಅಚ್ಚು ಹಾಕಿದರು. ಹೆಸರು, ಬೀದಿ, ಮನೆ ನಂಬರು, ಕೊನೆಗೆ 'ಕಾರಣ' ಅಂತ ಒಂದು ಕಾಲಂ. ಹೆಚ್ಚಿನವರದು ಸಾಧಾರಣ ಕಾರಣವೇ. ಬೆಳೆಗೆ ಹಂದಿ ಕಾಟ, ಬ್ಯಾಂಕಿನ ಕಾವಲು, ಅಪ್ಪನ ಕಾಲದ ಕೋವಿ. ನನ್ನ ಹೆಸರಿನ ಎದುರಿಗೆ 'ಸೋದರನಿಂದ ಪ್ರಾಣಭಯ' ಅಂತ ಇತ್ತು.

ಓದಿದಾಗ ಒಂದು ಕ್ಷಣ, ಇದ್ಯಾರಪ್ಪ ಸೋದರ ಅಂತ ನನಗೇ ಅನ್ನಿಸಿತು. ನಮ್ಮ ಮನೆಯಲ್ಲಿ ಯಾರಾದರೂ ಆ ಪದ ಆಡಿದ್ದನ್ನು ಕೇಳಿದ್ದೀಯೇನೋ? ಕಚೇರಿಯಲ್ಲಿ ಗುಮಾಸ್ತರು 'ಯಾರಿಂದ ಭಯ?' ಅಂತ ಕೇಳಿದಾಗ ನಾನು ಹೇಳಿದ್ದು 'ನನ್ನ ತಮ್ಮ' ಅಂತ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಅವರು ತಲೆ ಎತ್ತದೆ ಸೋದರ ಅಂತ ಬರೆದುಕೊಂಡರು. ತಮ್ಮ ಅಂದರೆ ನಾನು ಸೊಂಟದ ಮೇಲೆ ಹೊತ್ತು ತಿರುಗಿದವನು, ನನ್ನ ತಟ್ಟೆಯಿಂದ ಕದ್ದು ತಿಂದವನು, ಅಮ್ಮ ಹೋದ ದಿನ ನನ್ನ ಸೆರಗು ಬಿಡದವನು. ಸೋದರ ಅಂದರೆ ಯಾರೋ ಒಬ್ಬ ಗಂಡಸು. ಊರೆಲ್ಲ ಓದಿದ್ದು ಆ ಗಂಡಸಿನ ವಿಷಯ. ಆದರೆ ನನಗೆ ಇರುವುದು ನೀನೊಬ್ಬನೇ ಅಂತ ಎಲ್ಲರಿಗೂ ಗೊತ್ತು, ಲೆಕ್ಕ ಹಾಕುವುದು ಕಷ್ಟವೇ?

ನೀನು ಕುಡಿದು ಬಂದು ಅಂಗಡಿಯ ಶೋಕೇಸ್ ಒಡೆದು, ನನ್ನ ಕುತ್ತಿಗೆ ಹಿಡಿದು ಬಾಗಿಲಿಗೆ ಒತ್ತಿದೆಯಲ್ಲ, ಅದಾದ ವಾರ ಅರ್ಜಿ ಹಾಕಿದ್ದು. ಆ ದಿನದ ಮಾತನ್ನು ನಾವಿಬ್ಬರೂ ಇಲ್ಲಿಯವರೆಗೆ ಎತ್ತಿಲ್ಲ. ನೀನು ಕುಡಿತ ಬಿಟ್ಟೆ, ಮರದ ಕಾರ್ಖಾನೆ ಸೇರಿದೆ, ಭಾನುವಾರ ಭಾನುವಾರ ಫೋನ್ ಮಾಡೋಕೆ ಶುರು ಮಾಡಿದೆ. ಎಂದಾದರೂ ಒಂದು ದಿನ ಎದುರುಬದುರು ಕೂತು ಆಡೋಣ ಅಂತ ನಾನು ಇಟ್ಟುಕೊಂಡಿದ್ದ ಮಾತು ಅದು. ಎತ್ತುವುದಾದರೆ ನಾವು ಎತ್ತಬೇಕಿತ್ತು ಕಣೋ. ಪೇಪರಿನವರು ಎತ್ತಿ ಬೀದಿಗೆ ಹಾಕಿದರು. ಮಾತು ಆಡಿದರೆ ಹೋಯಿತು ಅಂತಾರೆ, ಅಚ್ಚಾದರೆ ಇನ್ನೇನು ಉಳಿಯುತ್ತೆ.

ಇನ್ನೊಂದು ಹೇಳುತ್ತೇನೆ, ನಂಬು. ನಾನು ಬಂದೂಕು ಕೊಳ್ಳಲೇ ಇಲ್ಲ. ಪರವಾನಗಿ ಕೈಗೆ ಬಂದ ಮೇಲೆ ಬಂದೂಕಿನ ಅಂಗಡಿಗೇನೋ ಹೋದೆ. ಅಂಗಡಿಯವನು ಒಂದು ಸಣ್ಣದು ತೆಗೆದು ಕೈಯಲ್ಲಿಟ್ಟ. ಇದನ್ನು ಯಾರ ಕಡೆಗೆ ಹಿಡಿಯಬೇಕು ಅಂತ ಯೋಚನೆ ಬಂದದ್ದೇ ತಡ, ಅವನ ಮೇಜಿನ ಮೇಲಿಟ್ಟು ಮನೆಗೆ ಬಂದುಬಿಟ್ಟೆ. ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಊರಿನ ಸುದ್ದಿ ಕೇಳು. ಅಂಗಡಿಗೆ ಬಂದವರು ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಿಕೊಳ್ಳುತ್ತಾ ನನ್ನ ಡ್ರಾಯರಿನ ಕಡೆ ಓರೆಗಣ್ಣಲ್ಲಿ ನೋಡುತ್ತಾರೆ. ಒಬ್ಬ ಮಹಾಶಯ ಚೌಕಾಸಿ ಮಾಡದೆ ಹೋದ, ಅದೊಂದು ಲಾಭ. ಎದುರು ಮನೆ ಟೀಚರ್ ಮಾತ್ರ ನೇರ ಬಂದು ಮಾತಾಡಿದರು. ಅವರ ಮಗಳು ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಯಲ್ಲೇ ಕೂತು ಹೋಂವರ್ಕ್ ಮಾಡುತ್ತಾಳೆ. 'ಅಕ್ಕಾ, ತಪ್ಪು ತಿಳ್ಕೋಬೇಡಿ. ಮನೇಲಿ ಬಂದೂಕಿದೆ ಅಂದ್ರೆ ಮಗೂನ ಕಳಿಸೋಕೆ ಮನಸ್ಸು ಬರಲ್ಲ. ಪೇಪರಲ್ಲಿ ಬರ್ದೇ ಇದ್ರೆ ನಂಗೆ ಹೇಗೆ ಗೊತ್ತಾಗೋದು?' ಅಂದರು. ಬಂದೂಕಿಲ್ಲ ಅಂತ ಡ್ರಾಯರು, ಕಪಾಟು ಎಲ್ಲ ತೆಗೆದು ತೋರಿಸಿದೆ. ಆದರೆ ಅವರು ಕೇಳಿದ್ದು ತಪ್ಪಾ? ಆ ಮಗು ನನ್ನದಾಗಿದ್ದರೆ ನಾನೂ ಕೇಳುತ್ತಿದ್ದೆ.

ಹಿಂದಿನ ಬೀದಿಯ ನರ್ಸಿನ ಹೆಸರೂ ಬಂದಿತ್ತು. ಗಂಡನಿಗೆ ವಿಳಾಸ ಸಿಗದಿರಲಿ ಅಂತಲೇ ಈ ಊರಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದ ಹುಡುಗಿ. ಪೇಪರಿನಲ್ಲಿ ಮನೆ ನಂಬರು ಸಮೇತ ಬಂತು. ಮಾರನೇ ದಿನವೇ ಸಾಮಾನು ಕಟ್ಟಿಕೊಂಡು ಹೋದಳು. ಎಲ್ಲಿಗೆ ಅಂತ ನಾನು ಕೇಳಲಿಲ್ಲ.

ಅವಳು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ, ಎಡಿಟರ್ ಹತ್ತಿರ ಹೋದೆ. ನಮ್ಮ ಹಳೇ ಗಿರಾಕಿ, ಒಳ್ಳೆಯ ಮನುಷ್ಯನೇ. 'ಸರ್ಕಾರಿ ದಾಖಲೆ ಅಮ್ಮಾ, ಯಾರು ಕೇಳಿದ್ರೂ ಕೊಡ್ತಾರೆ. ನಾನೇನಾದ್ರೂ ಸುಳ್ಳು ಹಾಕಿದ್ದೀನಾ?' ಅಂದರು. 'ಸುಳ್ಳು ಹಾಕಿದ್ರೆ ಎಷ್ಟೋ ಚೆನ್ನಾಗಿತ್ತು, ತಪ್ಪಾಯ್ತು ಅಂತ ನಾಳೆ ತಿದ್ದಬಹುದಿತ್ತು' ಅಂದೆ. ಅವರ ಒಂದು ಕಣ್ಣು ಎಷ್ಟು ಹೋಗಿದೆ ಅಂತ ನನಗೆ ಗೊತ್ತು, ಅದನ್ನು ಯಾರಿಗೂ ಹೇಳಬೇಡಿ ಅಂತ ಅವರೇ ಪಿಸುಗುಟ್ಟಿ ಹೋಗಿದ್ದರು. ಅದನ್ನು ನೆನಪಿಸಿದೆ. 'ಅದು ಬೇರೆ, ನನ್ನ ಕಣ್ಣಿಂದ ಯಾರ ಪ್ರಾಣಾನೂ ಹೋಗಲ್ಲ' ಅಂದರು. 'ನೀವು ಕಾರು ಓಡಿಸ್ತೀರಲ್ಲ' ಅಂದೆ. ಇಬ್ಬರಿಗೂ ನಗು ಬಂತು. ನಕ್ಕು ಎದ್ದು ಬಂದೆ, ಏನೂ ಬಗೆಹರಿಯಲಿಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ. ಹಳೇ ಕಣ್ಣಿನ ಚೀಟಿ ಹಿಡಿದುಕೊಂಡು ಯಾರಾದರೂ ಬಂದರೆ ನಾನು ಅದನ್ನೇ ನೋಡಿ ಕನ್ನಡಕ ಮಾಡಿಕೊಡುತ್ತೇನಾ? ಕೂರಿಸಿ ಇನ್ನೊಂದು ಸಲ ಕಣ್ಣು ನೋಡುತ್ತೇನೆ. ಮನುಷ್ಯ ಬದಲಾಗುತ್ತಾನೆ. ಅವರು ಅಚ್ಚು ಹಾಕಿದ್ದು ಹಳೆಯ ನೀನು. ಅದನ್ನೇ ಓದಿ ಊರವರು ಈಗಿನ ನಿನ್ನನ್ನು ಅಳೆಯುತ್ತಾರೆ ಅನ್ನುವುದೇ ನನ್ನ ಸಂಕಟ. ಕಾರ್ಖಾನೆಯಲ್ಲಿ ಯಾರಾದರೂ ನೋಡಿದರೇನೋ? ಮೇಸ್ತ್ರಿ ಏನಾದರೂ ಅಂದರಾ? ಅಂದಿದ್ದರೆ ಹೇಳು, ನಾನೇ ಬಂದು ಮಾತಾಡುತ್ತೇನೆ. ಅಕ್ಕನ ಬಾಯಿ ನಿನಗೆ ಗೊತ್ತಲ್ಲ.

ಬೆರಳು ನೋಯುತ್ತಿದೆ, ಸಾಲು ಮೇಲೆ ಕೆಳಗೆ ಹೋಗುತ್ತಿದೆ, ಹೇಗೋ ಓದಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗರಗಸದ ಹತ್ತಿರ ಕೈ ಜೋಪಾನ. ಬೇಸರಕ್ಕೆ ಬಾಟಲಿ ಹಿಡಿಯಬೇಡ, ಈ ಒಂದು ಮಾತು ನಡೆಸಿಕೊಡು. ನಿನಗೆ ಒಳ್ಳೆಯದಾಗಲಿ, ನೂರು ವರ್ಷ ಬಾಳು, ನನ್ನ ಆಯುಸ್ಸಲ್ಲೂ ಸ್ವಲ್ಪ ತಗೋ.

ಇಂತಿ ನಿನ್ನ
ಅಕ್ಕ

ಮ.ವಿ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ವಿಷಯ ಬಿಟ್ಟಿದ್ದೇನೆ. ಪರವಾನಗಿ ತಾನಾಗಿ ಉಳಿಯುವುದಿಲ್ಲ, ಅವಧಿ ಮುಗಿದಾಗ ಹೋಗಿ ಮುಂದುವರಿಸಬೇಕು. ನೀನು ಅದನ್ನು ಯೋಚಿಸಿಯೇ ಫೋನ್ ಇಟ್ಟಿರುತ್ತೀಯ. ಹೋದ ವರ್ಷ, ನೀನು ಕುಡಿತ ಬಿಟ್ಟು ಎಷ್ಟೋ ಕಾಲವಾದ ಮೇಲೆ, ನಾನೇ ಹೋಗಿ ಮಾಡಿಸಿದೆ. ಗುಮಾಸ್ತರು 'ಕಾರಣ ಅದೇನಾ?' ಅಂತ ಕೇಳಿದರು. ಹೂಂ ಅಂದೆ. ಈಗಲೂ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿದರೆ ನನ್ನ ಕೈ ಚಿಲಕಕ್ಕೆ ಹೋಗುತ್ತೆ ಕಣೋ, ಏನು ಮಾಡಲಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿನ್ನ ಜೊತೆ ಒಂದೇ ಮನೆಯಲ್ಲಿರುವುದು ನೆನೆದರೆ ಭಯವಾಗುತ್ತೆ. ಟೀಚರ್ ಇವತ್ತು ಬಂದು 'ಅಷ್ಟೂ ದಿನ ನಾನೇ ಇರ್ತೀನಿ ಬಿಡಿ ಅಕ್ಕಾ' ಅಂದರು. ಬೇಡ, ಅವನೇ ಬರ್ತಾನೆ ಅಂದೆ.